ಈ ಸಲ ಯಾರ ಸರದಿ?

ಬ್ಯಾಂಕ್ ನೌಕರಿ ಮಾಡುವವರಿಗೆ ಊರು ಅಂದರೆ ಮೂರು ವರ್ಷದ ಬಾಡಿಗೆ ಮನೆ ಇದ್ದ ಹಾಗೆ. ಪರಿಚಯ ಬೆಳೆಯುವಷ್ಟರಲ್ಲಿ ಟ್ರಾನ್ಸ್‌ಫರ್ ಆರ್ಡರ್ ಬಂದಿರುತ್ತದೆ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಐದು ವರ್ಷ ಕೆಲಸ ಮಾಡಿದ ನನಗೆ ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರಕ್ಕೆ ಪೋಸ್ಟಿಂಗ್ ಆದಾಗ ಗೆಳತಿಯರೆಲ್ಲ ‘ಮಲೆನಾಡು! ಮಳೆ! ಎಷ್ಟು ಲಕ್ಕಿ ಕಣೇ ನೀನು’ ಅಂತ ಮೆಸೇಜ್ ಹಾಕಿದ್ದರು. ಮಳೆಗೇನೂ ಕಮ್ಮಿ ಇರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಣಗುತ್ತಿರಲಿಲ್ಲ. ಸಂಜೆ ಬ್ಯಾಂಕಿನ ಬಾಗಿಲು ಹಾಕಿದ ಮೇಲೆ ಮಾತಾಡೋಕೆ ಒಬ್ಬರೂ ಸಿಗುತ್ತಿರಲಿಲ್ಲ. ಸಹೋದ್ಯೋಗಿಗಳು ಒಳ್ಳೆಯವರೇ. ಆದರೆ ಎಲ್ಲರಿಗೂ ಮನೆ, ಮಕ್ಕಳು, ಮಕ್ಕಳ ಹೋಮ್‌ವರ್ಕ್. ನಾನು ರೂಮಿಗೆ ಬಂದು ಮೊಬೈಲ್ ಚಾರ್ಜಿಗೆ ಹಾಕಿ, ಅದರ ಪಕ್ಕದಲ್ಲೇ ಕೂರುತ್ತಿದ್ದೆ.

ನಮ್ಮ ಬ್ರಾಂಚಿಗೆ ದಿನಾ ಬರುವ ಹಾರ್ಡ್‌ವೇರ್ ಅಂಗಡಿಯ ಯಜಮಾನರೊಬ್ಬರು ಅದನ್ನು ಹೇಗೆ ಗಮನಿಸಿದ್ದರೋ. ಚಲನ್ ತುಂಬುತ್ತಾ, ‘ಗುರುವಾರ ಸಂಜೆ ಏಳಕ್ಕೆ ರೋಟರಿ ಮೀಟಿಂಗ್ ಇದೆ, ಬನ್ನಿ ಮೇಡಂ. ಭಾಷಣ ಹೇಗಿರುತ್ತೋ ಗೊತ್ತಿಲ್ಲ, ಬೋಂಡಾ ಮಾತ್ರ ಚೆನ್ನಾಗಿರುತ್ತೆ’ ಅಂದರು.

ರೋಟರಿ, ಲಯನ್ಸ್ ಅಂದರೆ ನಮ್ಮ ವಯಸ್ಸಿನವರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ: ಆಸ್ಪತ್ರೆಯ ಮಂಚದ ಮೇಲೆ ಒಬ್ಬ ರೋಗಿ, ಅವನ ಕೈಯಲ್ಲಿ ಒಂದು ಬ್ರೆಡ್ ಪ್ಯಾಕೆಟ್, ಆ ಪ್ಯಾಕೆಟ್ ಹಿಡಿದುಕೊಂಡು ಕ್ಯಾಮೆರಾ ನೋಡುತ್ತಿರುವ ಹನ್ನೊಂದು ಜನ. ಇದು ಸುಳ್ಳು ಅಂತ ನಾನು ವಾದ ಮಾಡುವುದಿಲ್ಲ. ನಮ್ಮ ಕ್ಲಬ್‌ನಲ್ಲಿ ಈಗಲೂ ಅಂಥ ಫೋಟೋ ತೆಗೆಯುತ್ತಾರೆ. ಶಾಲು, ಹಾರ, ಪೇಟ ಎಲ್ಲಾ ಇದೆ. ವರ್ಷದ ಚಂದಾ ಎಲ್ಲರ ಕೈಗೆ ಎಟುಕುವಂಥದ್ದಲ್ಲ ಅನ್ನುವುದೂ ನಿಜ. ಆದರೆ ಫೋಟೋದಲ್ಲಿ ಕಾಣದ ಒಂದು ಕೆಲಸವನ್ನು ಎರಡೂವರೆ ವರ್ಷದಿಂದ ಹತ್ತಿರದಿಂದ ನೋಡಿದ್ದೇನೆ. ಅದನ್ನು ಹೇಳೋಕೇ ಇಷ್ಟು ಬರೆಯುತ್ತಿರುವುದು.

ಮೊದಲ ಗುರುವಾರ ಹೋದಾಗ ಮೂವತ್ತು ಜನ ಇದ್ದರು, ಅದರಲ್ಲಿ ಹೆಂಗಸರು ಇಬ್ಬರೇ. ಅಧ್ಯಕ್ಷರು ಗಂಟೆ ಹೊಡೆದರು, ಸಭೆ ಶುರುವಾಯಿತು. ಆ ವಾರ ಹುಟ್ಟಿದವರಿಗೆ ಗುಲಾಬಿ ಹೂವು, ಮದುವೆಯ ದಿನ ಇದ್ದವರಿಗೆ ಚಪ್ಪಾಳೆ. ತಡವಾಗಿ ಬಂದ ಡಾಕ್ಟರಿಗೆ ದಂಡ, ‘ಪೇಷಂಟ್ ಇದ್ರು ಮಾರಾಯ್ರೆ’ ಅಂದಿದ್ದಕ್ಕೆ ಇನ್ನೊಂದು ದಂಡ. ಔಷಧಿ ಅಂಗಡಿಯವರು, ವಕೀಲರು, ಅಡಿಕೆ ಮಂಡಿಯವರು, ನಿವೃತ್ತ ಮೇಷ್ಟ್ರು ಎಲ್ಲಾ ಒಂದೇ ಬೆಂಚಿನಲ್ಲಿ ಕೂತು ಶಾಲೆ ಹುಡುಗರ ಹಾಗೆ ಒಬ್ಬರನ್ನೊಬ್ಬರು ಕಾಲೆಳೆಯುತ್ತಿದ್ದರು. ಬೋಂಡಾ ನಿಜಕ್ಕೂ ಚೆನ್ನಾಗಿತ್ತು.

ಆಮೇಲೆ ರೋಟರಿ ಹೇಗೆ ಹುಟ್ಟಿತು ಅಂತ ಓದಿದೆ. ಪಾಲ್ ಹ್ಯಾರಿಸ್ ಅಮೆರಿಕದ ವರ್ಮಾಂಟ್ ಎಂಬ ಸಣ್ಣ ರಾಜ್ಯದ ಹಳ್ಳಿಯಲ್ಲಿ ಬೆಳೆದವರು. ವಕೀಲಿಕೆಗೆ ಶಿಕಾಗೊ ಸೇರಿದಾಗ ಅಷ್ಟು ದೊಡ್ಡ ಪಟ್ಟಣದಲ್ಲಿ ಅವರಿಗೆ ಒಂಟಿತನ ಕಾಡಿತು. 1905ರ ಫೆಬ್ರವರಿ 23ರಂದು ಒಬ್ಬ ಗಣಿ ಎಂಜಿನಿಯರ್, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ದರ್ಜಿ, ಇಷ್ಟು ಜನರ ಜತೆ ಸೇರಿ ಮೊದಲ ಸಭೆ ಮಾಡಿದರು. ಸಭೆಯನ್ನು ಸರದಿಯ ಮೇಲೆ ಒಬ್ಬೊಬ್ಬರ ಆಫೀಸಿನಲ್ಲಿ ನಡೆಸುತ್ತಿದ್ದರು, ಅದಕ್ಕೇ ‘ರೋಟರಿ’ ಅನ್ನುವ ಹೆಸರು. ಸೇವೆಯ ಮಾತು ಬಂದದ್ದು ಆಮೇಲೆ. ಎರಡು ವರ್ಷ ಕಳೆದು ಅವರು ಕೈಗೆತ್ತಿಕೊಂಡ ಮೊದಲ ಊರ ಕೆಲಸ ಶಿಕಾಗೊದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು. ಹಳ್ಳಿಯಿಂದ ಪಟ್ಟಣಕ್ಕೆ ಹೋಗಿ ಒಬ್ಬಂಟಿಯಾದವರು ಅವರು, ಪಟ್ಟಣದಿಂದ ಇಲ್ಲಿಗೆ ಬಂದು ಒಬ್ಬಂಟಿಯಾದವಳು ನಾನು. ಅಂದಹಾಗೆ, ರೋಟರಿ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ನಿಯಮ ಬದಲಿಸಿದ್ದು 1989ರಲ್ಲಿ. ಅದಕ್ಕೆ ಮುಂಚೆ ನಾನು ಹೋಗಿದ್ದರೆ ಬೋಂಡಾ ತಿನ್ನೋಕೆ ಮಾತ್ರ ಅವಕಾಶ ಇರುತ್ತಿತ್ತೇನೋ.

ಮೂರನೇ ತಿಂಗಳಲ್ಲಿ ನಿವೃತ್ತ ಮೇಷ್ಟ್ರು ನನ್ನ ಮುಂದೆ ಒಂದು ಲಾಂಗ್ ಬುಕ್ ತಂದಿಟ್ಟರು. ‘ಬ್ಯಾಂಕಿನವರು, ಲೆಡ್ಜರ್ ಬರೆಯೋದು ನಿಮಗೆ ಗೊತ್ತಿರುತ್ತೆ. ಇದನ್ನ ಸ್ವಲ್ಪ ನೋಡ್ಕೊಳ್ಳಿ ಮೇಡಂ’ ಅಂದರು. ಒಳಗೆ ಹೆಸರು, ರಕ್ತದ ಗುಂಪು, ಫೋನ್ ನಂಬರ್, ಕೊನೆಯ ಸಲ ರಕ್ತ ಕೊಟ್ಟ ತಾರೀಕು. ಬಿ ಪಾಸಿಟಿವ್ ಅನ್ನುವ ಪುಟಗಳು ಮಾತ್ರ ಮಡಚಿ ಮಡಚಿ ಮೆತ್ತಗಾಗಿದ್ದವು.

ಹದಿನಾಲ್ಕು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಒಬ್ಬಳು ಪುಟ್ಟ ಹುಡುಗಿ ಇದ್ದಾಳೆ. ಈಗ ಎಂಟು ವರ್ಷ. ಅವಳಿಗೆ ಥಲಸ್ಸೇಮಿಯಾ. ಬೇಕಾದಷ್ಟು ಹಿಮೋಗ್ಲೋಬಿನ್ ಅನ್ನು ಅವಳ ದೇಹ ತಯಾರು ಮಾಡಿಕೊಳ್ಳುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಈ ದೋಷದ ವಾಹಕರಾಗಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತ ಪರೀಕ್ಷೆ ಮಾಡಿಸಿದರೆ ವಾಹಕರೋ ಅಲ್ಲವೋ ಮೊದಲೇ ಗೊತ್ತಾಗುತ್ತದೆ, ಮಾಡಿಸುವವರು ಕಮ್ಮಿ. ಇವಳಿಗೆ ಮೂರು ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಹೋಗಿ ರಕ್ತ ಹಾಕಿಸಿಕೊಳ್ಳಬೇಕು. ನಿಯಮದ ಪ್ರಕಾರ ಇಂಥ ಮಕ್ಕಳಿಗೆ ರಕ್ತ ಉಚಿತ, ಬದಲಿಗೆ ರಕ್ತ ಕೊಡಿ ಅಂತ ಅಪ್ಪ ಅಮ್ಮನನ್ನು ಕೇಳುವಂತಿಲ್ಲ. ಆದರೆ ಫ್ರಿಜ್‌ನಲ್ಲಿ ರಕ್ತ ಇದ್ದರೆ ತಾನೇ ಉಚಿತವಾಗಿ ಕೊಡೋದು?

ಇಲ್ಲೇ ಒಂದು ಲೆಕ್ಕ ಇದೆ. ಅಕ್ಟೋಬರ್ 1, ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಅವತ್ತು ದೊಡ್ಡ ಶಿಬಿರ ಮಾಡಿ, ಬ್ಯಾನರ್ ಕಟ್ಟಿ, ಅರವತ್ತು ಯೂನಿಟ್ ರಕ್ತ ಸಂಗ್ರಹಿಸಬಹುದು. ಕೆಂಪು ರಕ್ತಕಣ ಹೆಚ್ಚೆಂದರೆ 42 ದಿನ ಕೆಡದೆ ಇರುತ್ತದೆ. ಪ್ಲೇಟ್‌ಲೆಟ್ ಆದರೆ ಐದೇ ದಿನ. ಡಿಸೆಂಬರ್ ಹೊತ್ತಿಗೆ ಆ ರಕ್ತ ಇಲ್ಲ. ಶಿಬಿರದಲ್ಲಿ ಕೊಟ್ಟವರು ಮತ್ತೆ ಕೊಡಬೇಕಾದರೆ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು. ಶಿಬಿರ ಬೇಡ ಅಂತಲ್ಲ, ಅದು ಜಾತ್ರೆ ಇದ್ದ ಹಾಗೆ. ಆದರೆ ಜಾತ್ರೆಯ ಊಟ ವರ್ಷವಿಡೀ ಹೊಟ್ಟೆ ತುಂಬಿಸುವುದಿಲ್ಲ. ಹುಡುಗಿಗೆ ವರ್ಷಕ್ಕೆ ಸುಮಾರು ಹದಿನೇಳು ಸಲ ರಕ್ತ ಬೇಕು. ಕಾಗದದ ಮೇಲೆ ಐದು ಜನ ಗಂಡಸರಿದ್ದರೆ ಸಾಕು. ವಾಸ್ತವದಲ್ಲಿ ಒಬ್ಬರಿಗೆ ಜ್ವರ, ಇನ್ನೊಬ್ಬರು ಮಗಳ ಮನೆಗೆ ಹೋಗಿದ್ದಾರೆ, ಮತ್ತೊಬ್ಬ ಹುಡುಗ ಮೊನ್ನೆ ತಾನೇ ಟ್ಯಾಟೂ ಹಾಕಿಸಿಕೊಂಡಿದ್ದಾನೆ, ಅವನು ಒಂದು ವರ್ಷ ಕೊಡುವಂತಿಲ್ಲ. ಮೇಷ್ಟ್ರ ಪುಸ್ತಕದಲ್ಲಿ ನಲವತ್ತೆರಡು ಬಿ ಪಾಸಿಟಿವ್ ಹೆಸರು ಇದ್ದದ್ದು ಅದಕ್ಕೇ.

ನಾನೂ ಕೊಡುತ್ತೇನೆ ಅಂತ ಹೋದೆ. ಬೆರಳು ಚುಚ್ಚಿ ನೋಡಿದವರು ‘ಹಿಮೋಗ್ಲೋಬಿನ್ 11.4 ಇದೆ ಮೇಡಂ, ಹನ್ನೆರಡೂವರೆ ಬೇಕು’ ಅಂತ ವಾಪಸ್ ಕಳಿಸಿದರು. ಆಫೀಸಿಗೆ ಹೋಗುವ ಗಡಿಬಿಡಿಯಲ್ಲಿ ತಿಂಡಿ ಬಿಡುವ ಹೆಣ್ಣುಮಕ್ಕಳೇ, ಇದು ನಿಮಗೂ ಹೇಳುತ್ತಿರುವುದು. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ, ಮನೆ ಓನರ್ ಆಂಟಿಯ ನುಗ್ಗೆಸೊಪ್ಪಿನ ಪಲ್ಯ ಎರಡೂ ಸೇರಿ ಏಳು ತಿಂಗಳಿಗೆ 12.8ಕ್ಕೆ ಬಂದೆ. ಆ ನಡುವೆ ನನ್ನ ಕೆಲಸ ಪುಸ್ತಕ ನೋಡಿಕೊಳ್ಳುವುದು.

ಲೆಡ್ಜರನ್ನು ಎಕ್ಸೆಲ್‌ಗೆ ಹಾಕಿದೆ. ಮೂರು ತಿಂಗಳು ತುಂಬಿದವರ ಹೆಸರು ಹಸಿರು ಬಣ್ಣಕ್ಕೆ ತಿರುಗುವ ಹಾಗೆ ಮಾಡಿದೆ. ವಾಟ್ಸ್‌ಆ್ಯಪ್ ಗ್ರೂಪ್ ಮಾಡಿ ‘ಬಿ ಪಾಸಿಟಿವ್ ಬೇಕಾಗಿದೆ’ ಅಂತ ಹಾಕಿದರೆ ಎಲ್ಲಾ ಸುಲಭ ಅಲ್ವಾ ಅಂದೆ. ಮೇಷ್ಟ್ರು ನಕ್ಕರು. ‘ಗ್ರೂಪಿಗೆ ಹಾಕಿದ್ರೆ ಇಪ್ಪತ್ತು ಜನ ಕೈ ಮುಗಿಯೋ ಚಿತ್ರ ಕಳಿಸ್ತಾರೆ. ಇನ್ನೊಬ್ಬ ಹೋಗ್ತಾನೆ ಅಂತ ಎಲ್ಲರೂ ಅಂದ್ಕೋತಾರೆ. ಹೆಸರು ಹಿಡಿದು ಕರೆದು ನೋಡಿ, ಬರ್ತಾರೆ.’ ಅವರು ಹೇಳಿದಂತೆಯೇ ಆಯಿತು. ಎಕ್ಸೆಲ್ ನನಗೆ ಯಾರನ್ನು ಕರೆಯಬೇಕು ಅಂತ ಹೇಳುತ್ತದೆ, ಕರೆಯುವ ಕೆಲಸ ಮಾತ್ರ ಮನುಷ್ಯರದ್ದೇ. ‘ಅಣ್ಣಾ, ಈ ಸಲ ನಿಮ್ಮ ಸರದಿ’ ಅಂದರೆ ಇಲ್ಲ ಅನ್ನುವವರು ಕಮ್ಮಿ. ಪ್ರತಿ ಗುರುವಾರ ಪಕ್ಕದಲ್ಲಿ ಕೂತು ಬೋಂಡಾ ತಿಂದವರಿಗೆ ಇಲ್ಲ ಅನ್ನುವುದು ಕಷ್ಟ. ಕ್ಲಬ್‌ನ ಹರಟೆ, ಹುಟ್ಟುಹಬ್ಬ, ದಂಡ ಇವೆಲ್ಲ ಸೇವೆಯ ಮೇಲಿನ ಅಲಂಕಾರ ಅಂತ ಕಾಣಬಹುದು. ನಾನು ಕಂಡ ಹಾಗೆ ಫೋನ್ ಮಾಡಿದರೆ ಜನ ಬರುವುದು ಅದರಿಂದಲೇ.

ಹಾಗಂತ ಎಲ್ಲರೂ ಪ್ರಾಣಸ್ನೇಹಿತರೇನಲ್ಲ. ಹಾರ್ಡ್‌ವೇರ್ ಅಂಗಡಿಯವರಿಗೂ ಮೇಷ್ಟ್ರಿಗೂ ಪಾರ್ಕಿನ ಗೇಟಿಗೆ ಯಾವ ಬಣ್ಣ ಬಳಿಯಬೇಕು ಅನ್ನುವ ವಿಷಯಕ್ಕೆ ಜಗಳವಾಗಿ ನಾಲ್ಕು ತಿಂಗಳಿಂದ ಮಾತಿರಲಿಲ್ಲ. ಕಳೆದ ಜುಲೈನಲ್ಲಿ ಸರದಿ ಅಂಗಡಿಯವರದ್ದು. ಮೇಷ್ಟ್ರಿಗೆ 67 ವರ್ಷ, 65 ದಾಟಿದವರು ರಕ್ತ ಕೊಡುವಂತಿಲ್ಲ. ‘ನನ್ನ ರಕ್ತ ರಿಟೈರ್ ಆಯ್ತು, ಬಾಯಿ ಆಗಿಲ್ಲ’ ಅಂತ ಹೇಳಿಕೊಂಡು ಪ್ರತಿ ಸಲ ಜತೆಗೆ ಹೋಗುತ್ತಾರೆ. ಆ ದಿನ ಮಳೆಗೆ ಮರ ಬಿದ್ದು ರಸ್ತೆ ಬಂದ್. ಒಂದೂವರೆ ಗಂಟೆ ಕಾರಿನಲ್ಲಿ ಮುಂದೆ ಅವರಿಬ್ಬರು, ಹಿಂದೆ ನಾನು. ಏನು ಹೇಳಬೇಕಿದ್ದರೂ ಇಬ್ಬರೂ ನನ್ನ ಮೂಲಕವೇ. ‘ಮೇಡಂ, ಗ್ಲಾಸ್ ಸ್ವಲ್ಪ ಇಳಿಸೋಕೆ ಹೇಳಿ.’ ರಕ್ತ ಕೊಟ್ಟು ಹೊರಗೆ ಬಂದಾಗ ಕ್ಯಾಂಟೀನ್ ಹುಡುಗ ಅಂಗಡಿಯವರ ಮುಂದೆ ಕಾಫಿ ಇಟ್ಟ. ಮೇಷ್ಟ್ರು ಹುಡುಗನಿಗೆ ‘ಅವರಿಗೆ ಕಾಫಿ ಆಗಲ್ಲ ಕಣೋ, ಗ್ಯಾಸ್ಟ್ರಿಕ್ ಇದೆ. ಬಿಸಿ ಹಾಲು ಕೊಡು’ ಅಂದರು. ಅಂಗಡಿಯವರು ಹಾಲು ಕುಡಿದರು. ವಾಪಸ್ ಬರುವಾಗಲೂ ಮಾತಾಡಲಿಲ್ಲ. ಗೇಟಿನ ಬಣ್ಣ ಇನ್ನೂ ತೀರ್ಮಾನವಾಗಿಲ್ಲ. ಆದರೆ ಆ ಸಲದ ಸರದಿ ತಪ್ಪಲಿಲ್ಲ.

ಇದೇ ಮೇಷ್ಟ್ರು 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದಾಗಿನಿಂದ ಬೆಳಗ್ಗೆ ಆರಕ್ಕೇ ಬಸ್ ಸ್ಟ್ಯಾಂಡಿನಲ್ಲಿ ಐಸ್ ಬಾಕ್ಸ್ ಹಿಡಿದು ನಿಂತವರು. ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುವುದು ಅವರ ಡ್ಯೂಟಿ. ರೋಟರಿ 1985ರಲ್ಲಿ ಪೋಲಿಯೊ ವಿರುದ್ಧದ ಕೆಲಸ ದೊಡ್ಡದಾಗಿ ಆರಂಭಿಸಿತು. ನಮ್ಮ ದೇಶದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿಯಲ್ಲಿ ಕಂಡಿತು, 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ‘ಹತ್ತೊಂಬತ್ತು ವರ್ಷ ಮೇಡಂ. ಒಂದು ದಿನದ ಉತ್ಸಾಹದಲ್ಲಿ ಆಗೋ ಕೆಲಸ ಅಲ್ಲ ಅದು’ ಅನ್ನುತ್ತಾರೆ.

ನನಗೆ ಚಿಂತೆ ಇರುವುದು ಇಲ್ಲೇ. ಎಕ್ಸೆಲ್‌ನಲ್ಲಿ ವಯಸ್ಸಿನ ಕಾಲಂ ಸೇರಿಸಿ ನೋಡಿದೆ. ನಲವತ್ತೆರಡರಲ್ಲಿ ಇಪ್ಪತ್ತಮೂರು ಜನ ಐವತ್ತೈದು ದಾಟಿದ್ದಾರೆ. ಹುಡುಗಿಗೆ ಹದಿನೆಂಟು ತುಂಬುವ ಹೊತ್ತಿಗೆ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಜನರ ರಕ್ತವೂ ಮೇಷ್ಟ್ರ ಹಾಗೆ ‘ರಿಟೈರ್’ ಆಗಿರುತ್ತದೆ. ಅಸ್ಥಿಮಜ್ಜೆ ಕಸಿ ಆದರೆ ಬೇರೆ ಮಾತು. ಅಕ್ಕ ತಂಗಿ, ಅಣ್ಣ ತಮ್ಮ ಯಾರೂ ಇಲ್ಲದ ಅವಳಿಗೆ ಹೊಂದುವ ದಾನಿ ಸಿಗುವುದು ಸುಲಭವಲ್ಲ. ಅಲ್ಲಿಯವರೆಗೂ ಮೂರು ವಾರಕ್ಕೊಮ್ಮೆ ಯಾರಾದರೂ ಒಬ್ಬರು ಎದ್ದು ಹೋಗಬೇಕು.

ನನಗೂ ಈ ಮೇನಲ್ಲಿ ಟ್ರಾನ್ಸ್‌ಫರ್ ಬರುವುದು ಬಹುತೇಕ ಖಚಿತ. ಪುಸ್ತಕವನ್ನು ಮೊಬೈಲ್ ಅಂಗಡಿಯ ಹುಡುಗ ಮತ್ತು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವ ಒಬ್ಬ ಹುಡುಗಿಗೆ ಕಲಿಸಿಕೊಡುತ್ತಿದ್ದೇನೆ. ಅವಳು ಮೊದಲು ಬಂದದ್ದು ಏಕೆ ಗೊತ್ತಾ? ಲಾಕ್‌ಡೌನ್‌ನಲ್ಲಿ ಊರಿಗೆ ವಾಪಸ್ ಬಂದವಳಿಗೆ ಹಳೆಯ ಗೆಳತಿಯರು ಯಾರೂ ಊರಲ್ಲಿರಲಿಲ್ಲ, ಬೋರ್ ಆಗುತ್ತಿತ್ತಂತೆ. ಬರಲು ಅಷ್ಟು ಕಾರಣ ಸಾಕು.

ನೀವಿರುವ ಊರಿನಲ್ಲೂ ರೋಟರಿಯೋ, ಲಯನ್ಸೋ, ಜೇಸಿಯೋ, ಯುವಕ ಸಂಘವೋ, ಮಹಿಳಾ ಮಂಡಳಿಯೋ ಒಂದು ಇರುತ್ತದೆ. ಸೇರಲೇಬೇಕು ಅಂತಿಲ್ಲ, ಒಂದು ಸಂಜೆ ಅತಿಥಿಯಾಗಿ ಹೋಗಿ ಕೂತು ನೋಡಿ. ಭಾಷಣ ಉದ್ದ ಇರಬಹುದು. ಫೋಟೋ ತೆಗೆಯುವಾಗ ನಿಮ್ಮನ್ನೂ ಎಳೆಯಬಹುದು. ಮುಗಿದ ಮೇಲೆ ಕಾಫಿ ಹೊತ್ತಿಗೆ ಮೂಲೆಯಲ್ಲಿ ಹಳೆಯ ಪುಸ್ತಕ ಹಿಡಿದು ಕೂತವರು ಯಾರಾದರೂ ಇದ್ದರೆ ಅವರ ಪಕ್ಕ ಹೋಗಿ ಕೂರಿ. ನಿಮ್ಮ ಹೆಸರು, ರಕ್ತದ ಗುಂಪು ಬರೆಸಿ ಬನ್ನಿ. ಫೋನ್ ಬಂದೇ ಬರುತ್ತದೆ.