ಎರಡು ಪರದೆಗಳ ಮೇಜು

ನಮ್ಮ ಶಾಲೆಯ ಕಾರ್ಯಾಲಯಕ್ಕೆ ಬರುವ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಒಂದೇ ಕಂಪ್ಯೂಟರಿಗೆ ಎರಡು ಪರದೆಗಳಿರುವುದನ್ನು ಕಂಡು, "ಇದೇನು ಟೀಚರ್, ಒಂದು ಸಾಲದೇ?" ಎಂದು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದೇ ಸರಿ. ಪೋಷಕರ ಹಣದಿಂದ ನಡೆಯುವ ಸಂಸ್ಥೆಯಲ್ಲಿ ಯಾವ ವಸ್ತುವೂ ಆಡಂಬರಕ್ಕಾಗಿ ಇರಕೂಡದು. ಆದಕಾರಣ ಈ ಸ್ಮರಣ ಸಂಚಿಕೆಯ ಮೂಲಕ ಉತ್ತರವನ್ನು ಒಪ್ಪಿಸುತ್ತೇವೆ. ಆ ಎರಡನೆಯ ಪರದೆಯು ಹೊಸದಾಗಿ ಕೊಂಡುದಲ್ಲ. ಪ್ರಯೋಗಶಾಲೆಯಲ್ಲಿ ಕೆಲಸವಿಲ್ಲದೆ ಧೂಳು ಹಿಡಿಯುತ್ತಿದ್ದುದು ಎಂಬುದನ್ನು ಮೊದಲೇ ತಿಳಿಸುವೆವು.

ಒಂದು ಕಂಪ್ಯೂಟರಿಗೆ ಎರಡು ಪರದೆಗಳನ್ನು ಜೋಡಿಸಿದಾಗ ಅವುಗಳನ್ನು ಎರಡು ವಿಧವಾಗಿ ಬಳಸಬಹುದು. ಮೊದಲನೆಯದು ಪ್ರತಿಬಿಂಬದ ರೀತಿ. ಇಲ್ಲಿ ಕಾಣುವುದೇ ಅಲ್ಲಿಯೂ ಕಾಣುವುದು. ಎರಡನೆಯದು ವಿಸ್ತರಣೆಯ ರೀತಿ. ಎರಡು ಮೇಜುಗಳನ್ನು ಅಂಚಿಗೆ ಅಂಚು ಸೇರಿಸಿದರೆ ಒಂದೇ ಅಗಲವಾದ ಮೇಜಾಗುವಂತೆ, ಎರಡು ಪರದೆಗಳೂ ಕೂಡಿ ಒಂದೇ ಹರವಾಗುವುವು. ಮೌಸಿನ ಬಾಣವು ಒಂದರ ಅಂಚನ್ನು ದಾಟಿ ಮತ್ತೊಂದಕ್ಕೆ ಹೋಗುವುದು. ತಲಾ 1920 ಬಿಂದುಗಳಷ್ಟು ಅಗಲವಿದ್ದರೆ, ಕೆಲಸಕ್ಕೆ ಒಟ್ಟು 3840 ಬಿಂದುಗಳ ಅಗಲವು ದೊರೆಯುವುದು. ಇದು ನಿನ್ನೆ ಮೊನ್ನೆಯ ಶೋಧವಲ್ಲ. ಆಪಲ್ ಕಂಪೆನಿಯು 1987ರಲ್ಲಿ ಹೊರತಂದ ಮ್ಯಾಕಿಂಟಾಷ್ 2 ಯಂತ್ರದಲ್ಲಿಯೇ ಈ ಅನುಕೂಲವಿದ್ದಿತು. ವಿಂಡೋಸ್ ಬಳಸುವವರಿಗೆ ಅದು 1998ರಲ್ಲಿ ವಿಂಡೋಸ್ 98ರೊಡನೆ ಒದಗಿತು.

ಮನೆಯಲ್ಲಿ ಮಾಡಿನೋಡಲಿಚ್ಛಿಸುವವರಿಗಾಗಿ ವಿಧಾನವನ್ನೂ ಹೇಳುವೆವು. ಎರಡನೆಯ ಪರದೆಯನ್ನು ಎಚ್‌ಡಿಎಂಐ ಕೇಬಲಿನಿಂದ ಜೋಡಿಸಿ, ವಿಂಡೋಸ್ ಕೀಯನ್ನು ಒತ್ತಿಹಿಡಿದು ‘ಪಿ’ ಅಕ್ಷರವನ್ನು ಒತ್ತಿದರೆ ನಾಲ್ಕು ಆಯ್ಕೆಗಳು ತೋರುವುವು. ಅವುಗಳಲ್ಲಿ ‘ಡೂಪ್ಲಿಕೇಟ್’ ಎಂಬುದು ಪ್ರತಿಬಿಂಬ. ‘ಎಕ್ಸ್‌ಟೆಂಡ್’ ಎಂಬುದು ವಿಸ್ತರಣೆ. ಬಳಿಕ ಸೆಟ್ಟಿಂಗ್ಸಿನ ಡಿಸ್‌ಪ್ಲೇ ಪುಟದಲ್ಲಿ 1, 2 ಎಂಬ ಎರಡು ಚೌಕಗಳು ಕಾಣುವುವು. ಮೇಜಿನ ಮೇಲೆ ಎಡಗಡೆ ಇರುವ ಪರದೆಯನ್ನು ಅಲ್ಲಿಯೂ ಎಡಕ್ಕೇ ಎಳೆದಿಡಬೇಕು. ಇಲ್ಲದಿದ್ದರೆ ಬಾಣವು ದಾಟಬೇಕಾದ ಅಂಚಿನಲ್ಲಿಯೇ ಗೋಡೆಗೆ ತಾಗಿದಂತೆ ನಿಂತುಬಿಡುವುದು.

ಇನ್ನು ಪ್ರಯೋಜನದ ವಿಚಾರ. ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಯಾವುದೋ ಒಂದು ದಾಖಲೆಯಲ್ಲಿ ತಮ್ಮ ಹೆಸರಿನ ಒಂದಕ್ಷರವೋ ಜನ್ಮದಿನದ ಒಂದಂಕಿಯೋ ವ್ಯತ್ಯಾಸವಾಗಿದೆಯೆಂದು ನಮ್ಮಲ್ಲಿಗೆ ಬರುವರು. ಬಾಲ್ಯದಲ್ಲಿ ಯಾರ ಕಣ್ಣಿಗೂ ಬೀಳದ ಆ ಅಕ್ಷರವು ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ದಿನ ಬೆಟ್ಟವಾಗಿ ಅಡ್ಡ ನಿಲ್ಲುವುದು. ಒಂದೇ ಪರದೆಯಲ್ಲಿ ಕೆಲಸ ಮಾಡುವವರು ಪ್ರವೇಶ ದಾಖಲೆಯ ಪುಟವನ್ನು ನೋಡಿ, ಅದನ್ನು ಸರಿಸಿ, ನೆನಪಿನ ಬಲದಿಂದ ಎಸ್.ಎಸ್.ಎಲ್.ಸಿ. ನೋಂದಣಿಯ ನಮೂನೆಯನ್ನು ತುಂಬಬೇಕು. ನೂರು ಹೆಸರುಗಳಾದ ಮೇಲೆ ನೆನಪು ದಣಿಯದಿರದು. ಈಗ ಎಡಗಡೆ ಪ್ರವೇಶ ದಾಖಲೆ, ಬಲಗಡೆ ನಮೂನೆ; ಅಕ್ಷರಕ್ಕೆ ಅಕ್ಷರವನ್ನು ಹೋಲಿಸಬಹುದು. ಹುಡುಗಿಯನ್ನೇ ಪಕ್ಕದಲ್ಲಿ ಕುಳ್ಳಿರಿಸಿಕೊಂಡು, "ನೋಡಮ್ಮಾ, ನಿನ್ನ ಹೆಸರು ಸರಿಯಾಗಿದೆಯೋ?" ಎಂದು ಕೇಳುವ ಪದ್ಧತಿಯನ್ನೂ ಇಟ್ಟುಕೊಂಡಿದ್ದೇವೆ.

ತರಗತಿಯ ಪ್ರೊಜೆಕ್ಟರೂ ಎರಡನೆಯ ಪರದೆಯೇ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ಶಾಲೆಯ ಪೋಷಕರ ಸಭೆಗೆ ನಾವು ಅತಿಥಿಯಾಗಿ ಹೋಗಿದ್ದೆವು. ಭಾಷಣದ ಚಿತ್ರಗಳನ್ನು ಹುಡುಕುತ್ತಿದ್ದವರು ಶುಲ್ಕ ಬಾಕಿಯಿದ್ದವರ ಪಟ್ಟಿಯನ್ನು ತೆರೆದರು. ಯಂತ್ರವು ಪ್ರತಿಬಿಂಬದ ರೀತಿಯಲ್ಲಿದ್ದುದರಿಂದ ಪಟ್ಟಿಯು ಗೋಡೆಯ ಮೇಲೆ ಆಳೆತ್ತರವಾಗಿ ಮೂಡಿತು. ಕ್ಷಣಮಾತ್ರದಲ್ಲಿ ಮುಚ್ಚಿದರು; ಆದರೆ ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಸೆರಗನ್ನು ಹೊದ್ದುಕೊಂಡು, ಮಗಳ ಕೈ ಹಿಡಿದು, ಮಾತಿಲ್ಲದೆ ಹೊರಗೆ ನಡೆದರು. ಆ ಹುಡುಗಿಯ ಬಗ್ಗಿದ ತಲೆ ಇಂದಿಗೂ ನಮ್ಮ ಕಣ್ಣ ಮುಂದಿದೆ. ಯಾರ ಮನೆಯ ಕಷ್ಟವನ್ನೂ ಸಭೆಗೆ ಓದಿಸುವ ಅಧಿಕಾರ ನಮಗಿಲ್ಲ.

ವಿಸ್ತರಣೆಯ ರೀತಿಯಲ್ಲಾದರೋ ಗೋಡೆಗೆ ಪಾಠವು ಮಾತ್ರ ಹೋಗುವುದು. ಅಧ್ಯಾಪಕಿಯ ಪತ್ರ, ಪಟ್ಟಿಗಳು ಅವರ ಪರದೆಯಲ್ಲಿಯೇ ಉಳಿಯುವುವು. ಪವರ್‌ಪಾಯಿಂಟಿನ ‘ಪ್ರೆಸೆಂಟರ್ ವ್ಯೂ’ ಎಂಬ ಏರ್ಪಾಡಿನಲ್ಲಿ ಪಾಠದ ಟಿಪ್ಪಣಿಯೂ ಮುಂದಿನ ಚಿತ್ರವೂ ಅಧ್ಯಾಪಕಿಗೆ ಮಾತ್ರ ಕಾಣುವುವು. ಹಾಗಿದ್ದರೂ ಕೈತಪ್ಪಿ ಪುಟವೊಂದು ಗೋಡೆಗೆ ಜಾರುವ ಸಂಭವವಿರುವುದರಿಂದ, ಪಾಠಕ್ಕೆ ಸಂಬಂಧಪಡದ ಕಡತಗಳನ್ನು ಮುಂಚೆಯೇ ಮುಚ್ಚಬೇಕೆಂಬ ನಿಯಮವೂ ನಮ್ಮಲ್ಲುಂಟು.

ಇದರಲ್ಲಿ ಅಪಾಯವೇ ಇಲ್ಲವೆಂದು ಹೇಳಲಾರೆವು. ಒಂದು ಪರದೆಯಲ್ಲಿ ಪಾಠ, ಇನ್ನೊಂದರಲ್ಲಿ ಆಟವನ್ನಿಟ್ಟುಕೊಂಡ ಮಗುವಿಗೆ ಎರಡೂ ದಕ್ಕುವುದಿಲ್ಲ. ಹೆಚ್ಚಾಗಿ ನೋಡುವ ಪರದೆಯು ಮುಖಕ್ಕೆ ನೇರವಾಗಿ, ಒಂದು ತೋಳಿನಳತೆ ದೂರದಲ್ಲಿರಬೇಕು. ಇಲ್ಲದಿದ್ದರೆ ಕುತ್ತಿಗೆ ನೋಯುವುದು. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು ಕಣ್ಣಿಗೆ ವಿಶ್ರಾಂತಿ.

ಪೋಷಕರಲ್ಲಿ ಕಡೆಯದಾಗಿ ಒಂದು ಬಿನ್ನಹ. ನೋಂದಣಿಯ ಕರಡು ಮನೆಗೆ ಬಂದಾಗ ದಯವಿಟ್ಟು ಓದದೆ ಸಹಿ ಮಾಡಬೇಡಿರಿ. ಜನನ ಪ್ರಮಾಣಪತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಮಗಳನ್ನೂ ಕರೆದು, ಎರಡನ್ನೂ ಹೋಲಿಸಿ ನೋಡಿರಿ. ಅದಕ್ಕೆ ಕಂಪ್ಯೂಟರೇ ಬೇಕಾಗಿಲ್ಲ.