ಮತ್ತೊಮ್ಮೆ ಬೆನ್ನಿಗೆ ಚೀಲ

ಅರವತ್ತೆಂಟರ ವಯಸ್ಸಿನಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ಯುರೋಪು ತಿರುಗುತ್ತೇನೆಂದು ಊರಿನಲ್ಲಿ ಬಾಯಿಬಿಟ್ಟು ಹೇಳುವುದು ಸುಲಭವಲ್ಲ. ನಮ್ಮ ಹಮ್ಮಿಗಿಯಲ್ಲಿ ಈ ವಯಸ್ಸಿನವರು ದೂರ ಹೋಗುವುದಾದರೆ ಕಾಶಿಗೆ, ಇಲ್ಲವೇ ಶ್ರೀಶೈಲಕ್ಕೆ. ಅಷ್ಟು ದೂರ ಆಗದವರಿಗೆ ಹೊಳೆಯ ದಂಡೆಯಲ್ಲೇ ಸಿಂಗಟಾಲೂರಿನ ವೀರಭದ್ರನಿದ್ದಾನೆ. ಸುದ್ದಿ ತಿಳಿದ ಹಳೆಯ ವಿದ್ಯಾರ್ಥಿಯೊಬ್ಬ ಮುಂಡರಗಿಯ ಬಸ್ ನಿಲ್ದಾಣದಲ್ಲಿ ಸಿಕ್ಕು, "ಸರ್, ಹನ್ನೆರಡು ದಿನದಾಗ ಎಂಟು ದೇಶ ತೋರಿಸೋ ಟೂರ್ ಅದಾವಲ್ರೀ, ಊಟಕ್ಕ ಅನ್ನ-ಸಾರೂ ಕೊಡತಾರ" ಎಂದು ಹಿತ ನುಡಿದ. ಅವನ ಕಾಳಜಿ ದೊಡ್ಡದು. ಆದರೆ ಬಸ್ಸಿನ ಕಿಟಕಿಯಿಂದ ದೇಶ ಎಣಿಸುವುದು ಪ್ರವಾಸವಲ್ಲ, ಹಾಜರಿ ಹಾಕುವುದು. ನಲವತ್ತು ವರ್ಷ ಹಾಜರಿ ಹಾಕಿದವನಿಗೆ ಇನ್ನೂ ಅದೇ ಕೆಲಸವೇಕೆ?

ಓದುಗ ಮಿತ್ರರಲ್ಲಿ ಕೆಲವರಿಗೆ ನಾನು 1984ರಲ್ಲಿ ಯುರೋಪಿಗೆ ಹೋಗಿದ್ದ ಸಂಗತಿ ಗೊತ್ತಿರಬಹುದು. ರೋಟರಿ ಸಂಸ್ಥೆಯವರ ವಿನಿಮಯ ಕಾರ್ಯಕ್ರಮವೊಂದರಲ್ಲಿ ಆಗಿನ ಅಖಂಡ ಧಾರವಾಡ ಜಿಲ್ಲೆಯ ನಾವು ಕೆಲವು ಯುವಕರು ಪಶ್ಚಿಮ ಜರ್ಮನಿಗೆ ಹೋಗಿ ಅಲ್ಲಿಯ ಮನೆಗಳಲ್ಲಿ ಐದು ವಾರ ಇದ್ದೆವು. ಗದಗಿನಿಂದ ಮೀಟರ್‌ಗೇಜ್ ಗಾಡಿ ಹತ್ತಿ, ಮೀರಜದಲ್ಲಿ ಬದಲಿಸಿ, ಮುಂಬಯಿ ಸೇರಿ ಅಲ್ಲಿಂದ ವಿಮಾನ. ಉಳಿದವರು ಕಾರ್ಯಕ್ರಮ ಮುಗಿದೊಡನೆ ಮರಳಿದರು. ನಾನು ಮಾತ್ರ ಹದಿನೈದು ದಿನದ ರೈಲ್ವೆ ಪಾಸು ಕೊಂಡು ಒಂಟಿಯಾಗಿ ತಿರುಗಿದೆ. ಭೂಗೋಳದ ಮಾಸ್ತರನಾದ ನಾನು ಮಕ್ಕಳಿಗೆ ರೈನ್ ನದಿಯನ್ನೂ ಆಲ್ಪ್ಸ್ ಪರ್ವತವನ್ನೂ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದೆ. ನಕಾಶೆಯ ನೀಲಿ ಗೆರೆಯ ನಿಜವಾದ ಅಗಲ ಎಷ್ಟೆಂಬುದನ್ನು ನಿಂತು ನೋಡಬೇಕೆಂಬ ಹಟ ಅದು.

ಆ ಪಾಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಯುರೈಲ್ ಪಾಸು ಪ್ರಾರಂಭವಾದದ್ದು 1959ರಲ್ಲಿ, ಯುರೋಪಿನ ಹೊರಗಿನವರಿಗಾಗಿ. ಇಪ್ಪತ್ತಾರರೊಳಗಿನ ತರುಣರಿಗೆ ಎರಡನೆಯ ದರ್ಜೆಯ ಅಗ್ಗದ ಪಾಸು ಸಿಗುತ್ತಿತ್ತು. ಆ ವಯಸ್ಸು ದಾಟಿದವರಿಗೆ ಮೊದಲ ದರ್ಜೆಯದು ಬಿಟ್ಟರೆ ಬೇರೆ ಇರಲಿಲ್ಲ. ನನಗೆ ಆಗ ಇಪ್ಪತ್ತೇಳು. ಹೀಗಾಗಿ, ಗದಗಿನ ಗಾಡಿಯಲ್ಲಿ ಬಾಗಿಲ ಬಳಿ ಟ್ರಂಕಿನ ಮೇಲೆ ಕುಳಿತು ಬಂದವನು ಕೋಬ್ಲೆನ್ಸ್‌ನಿಂದ ಮೈನ್ಸ್‌ವರೆಗೆ ರೈನ್ ದಂಡೆಗುಂಟ ಮೆತ್ತನೆಯ ಆಸನದಲ್ಲಿ ದೊರೆಯಂತೆ ಸಾಗಿದೆ. ಮಡಿಲಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಬವೇರಿಯಾದ ಯುವನಿಲಯಗಳಲ್ಲಿ ಕೂಡ ಆಗ ಇಪ್ಪತ್ತಾರರ ಗಡಿ ಇದ್ದುದರಿಂದ ಮ್ಯೂನಿಕ್‌ನಲ್ಲಿ ರಾತ್ರಿ ತಂಗದೆ ರಾತ್ರಿ ರೈಲನ್ನೇ ಮಲಗುವ ಮನೆ ಮಾಡಿಕೊಂಡೆ. ಬ್ರೆನ್ನರ್ ಕಣಿವೆಯಲ್ಲಿ ಮಧ್ಯರಾತ್ರಿ ಬಾಗಿಲು ಸರಿಸಿ ಎರಡು ದೇಶಗಳ ಪೊಲೀಸರು ಒಬ್ಬರ ಹಿಂದೊಬ್ಬರು ಬಂದು ಪಾಸ್‌ಪೋರ್ಟು ತಿರುವಿ ಹೋಗುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದೆ. ಈಗ ಅದೇ ಪಾಸಿನಲ್ಲಿ ಅರವತ್ತು ದಾಟಿದವರಿಗೆ ನೂರಕ್ಕೆ ಹತ್ತರಷ್ಟು ರಿಯಾಯಿತಿ ಇದೆ. ಅಂದು ಒಂದು ವರ್ಷ ಹೆಚ್ಚಾಯಿತೆಂದು ಕಳೆದುಕೊಂಡದ್ದು ಇಂದು ಎಂಟು ವರ್ಷ ಹೆಚ್ಚಾಯಿತೆಂದು ಅಷ್ಟಿಷ್ಟು ಮರಳಿ ಬರುತ್ತಿದೆ.

ಆ ಪಾಸಿನ ಹಣ ಕೊಟ್ಟವರು ನನ್ನ ಮಾವನವರು. ಅವರ ಊರು ಗುಮ್ಮಗೋಳ, ನಮ್ಮಂತೆಯೇ ತುಂಗಭದ್ರೆಯ ಮಗ್ಗುಲಿನ ಹಳ್ಳಿ. ಹೊಳೆದಂಡೆಯ ಹೊಲದಲ್ಲಿ ಆ ವರ್ಷ ಉಳ್ಳಾಗಡ್ಡಿ ಚೆನ್ನಾಗಿ ಬಂದಿತ್ತು, ದರವೂ ಕೈಹಿಡಿದಿತ್ತು. ಅಳಿಯ ಸೀಮೆಗೆ ಹೋಗುತ್ತಾನೆಂಬ ಹೆಮ್ಮೆಗೆ ಅವರು ಲೆಕ್ಕ ಇಡಲಿಲ್ಲ. ನನ್ನಾಕೆ ಆಗ ಚೊಚ್ಚಲ ಬಸುರಿ, ತವರಿನಲ್ಲಿದ್ದಳು. ನಾನು ಊರೂರಿನಿಂದ ಚಿತ್ರದ ಕಾರ್ಡು ಬರೆಯುತ್ತಿದ್ದೆ. ಅಂಚೆಯವನು ತಂದ ಕಾರ್ಡನ್ನು ಅವಳು ಓದಿ ಹೇಳಿದರೆ ಮಾವನವರು ಚಿತ್ರ ನೋಡುತ್ತಿದ್ದರಂತೆ. ಮರಳಿದ ಮೇಲೆ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಆ ಹೊಳೀ ದಂಡೀಗೆ ಏನ್ ಬೆಳೀತಾರ್ರೀ ಮಾಸ್ತರ?" ದ್ರಾಕ್ಷಿ ಎಂದೆ. ಕಡಿದಾದ ಗುಡ್ಡಕ್ಕೆ ಕಲ್ಲಿನ ಒಡ್ಡು ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಬಳ್ಳಿ ಹಬ್ಬಿಸಿದ್ದನ್ನು ವರ್ಣಿಸಿದೆ. ಅವರು ಬಹಳ ಹೊತ್ತು ಯೋಚಿಸಿ, "ಅಷ್ಟ್ ಕಷ್ಟಪಟ್ಟಾರಂದ್ರ ನೆಲಾ ಕಡಿಮಿ ಇರಬೇಕು" ಎಂದರು. ರೈನ್ ಕಣಿವೆಯ ಭೂಗೋಳವನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಮರಳಿ ಹೋಗುವ ಆಸೆ ಅಂದೇ ಹುಟ್ಟಿದ್ದು. ಸಂಬಳ, ಮಕ್ಕಳ ಓದು, ಮದುವೆ, ಮನೆ ಎಂದು ಅದು ಹಿಂದೆ ಹಿಂದೆ ಸರಿಯಿತು. ಈ ನಡುವೆ ಯುರೋಪು ನನಗಾಗಿ ಕಾಯುತ್ತ ಕೂರಲಿಲ್ಲ. 1989ರಲ್ಲಿ ಬರ್ಲಿನ್ ಗೋಡೆ ಬಿತ್ತು. 1990ರಲ್ಲಿ ಎರಡು ಜರ್ಮನಿ ಒಂದಾದಾಗ ಶಾಲೆಯ ಗೋಡೆಯ ಮೇಲಿದ್ದ ನಕಾಶೆಗೆ ನಾನೇ ಬಣ್ಣ ಬಳಿದೆ. ಯುಗೋಸ್ಲಾವಿಯಾ ಒಡೆದಾಗ ಬಣ್ಣ ಸಾಲದಾಯಿತು. ಮಾರ್ಕ್, ಫ್ರಾಂಕ್, ಲೀರಾ, ಗಿಲ್ಡರ್ ಎಂದು ಕಿಸೆಯಲ್ಲಿ ನಾಲ್ಕು ಕಡೆ ಇಟ್ಟುಕೊಳ್ಳುತ್ತಿದ್ದ ನಾಣ್ಯಗಳೆಲ್ಲ 2002ರಲ್ಲಿ ಯೂರೋ ಆದವು. ಪ್ರತಿ ದೇಶಕ್ಕೂ ಬೇರೆ ಅರ್ಜಿ, ಬೇರೆ ವೀಸಾ ಎಂಬ ತಾಪತ್ರಯ ಹೋಗಿ, 1995ರಲ್ಲಿ ಜಾರಿಗೆ ಬಂದ ಷೆಂಗೆನ್ ವ್ಯವಸ್ಥೆಯಲ್ಲಿ ಈಗ 29 ದೇಶಗಳಿಗೆ ಒಂದೇ ವೀಸಾ. ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋಗಳ ಆರೋಗ್ಯ ವಿಮೆ ಬೇಕು. ನಮ್ಮ ವಯಸ್ಸಿಗೆ ವಿಮೆಯವರು ಕೇಳುವ ಕಂತನ್ನು ನೋಡಿದರೆ ಬೇರೆ ಆರೋಗ್ಯ ತಪಾಸಣೆ ಬೇಡ, ಎದೆ ಗಟ್ಟಿಯಿದೆಯೋ ಇಲ್ಲವೋ ಅಲ್ಲಿಯೇ ಗೊತ್ತಾಗುತ್ತದೆ.

ಅಂದು ನನ್ನ ಕೈಯಲ್ಲಿದ್ದ ಥಾಮಸ್ ಕುಕ್ ಕಂಪನಿಯ ಕೆಂಪು ರಟ್ಟಿನ ರೈಲ್ವೆ ವೇಳಾಪಟ್ಟಿ ಒಂದು ದೊಡ್ಡ ಗ್ರಂಥ. 1873ರಿಂದ ನಡೆದು ಬಂದ ಅದನ್ನು ಕಂಪನಿ 2013ರಲ್ಲಿ ನಿಲ್ಲಿಸಿತು. ಈಗ ಮೊಮ್ಮಗಳು ಮೊಬೈಲಿನಲ್ಲಿ ಎರಡು ಊರು ಒತ್ತಿ, ಯಾವ ಪ್ಲಾಟ್‌ಫಾರ್ಮು ಎಂಬುದರ ತನಕ ಹೇಳಿಬಿಡುತ್ತಾಳೆ. ಅನುಕೂಲವೇನೋ ಸರಿ. ಆದರೆ ಆ ಗ್ರಂಥದಲ್ಲಿ ಹೋಗಬೇಕಾದ ಊರನ್ನು ಹುಡುಕುವಾಗ ಹೋಗಬೇಕಿಲ್ಲದ ನೂರು ಊರುಗಳ ಹೆಸರು ಕಣ್ಣಿಗೆ ಬೀಳುತ್ತಿದ್ದವು.

ಕಳೆದ ವರ್ಷ ನಾನು ಯೋಜನೆಯನ್ನು ಗಂಭೀರವಾಗಿ ಬರೆಯತೊಡಗಿದಾಗ ಅದು ಹಳೆಯ ದಾರಿಯ ನಕಲೇ ಆಗಿತ್ತು: ಕೋಬ್ಲೆನ್ಸ್, ಮೈನ್ಸ್, ಮ್ಯೂನಿಕ್, ಬ್ರೆನ್ನರ್ ದಾಟಿ ವೆರೋನಾ. ನನ್ನನ್ನು ಮನೆಯಲ್ಲಿರಿಸಿಕೊಂಡಿದ್ದ ಜರ್ಮನ್ ಶಿಕ್ಷಕ ದಂಪತಿಗಳು ಈಗಿಲ್ಲ. ಆದರೂ ಅವರ ಬೀದಿಯಲ್ಲಿ ಒಮ್ಮೆ ನಡೆಯಬೇಕೆಂದು ಬರೆದುಕೊಂಡಿದ್ದೆ. ಈ ಸಲ ನನ್ನಾಕೆಯೂ ಬರುವವಳು. ಅವಳು ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ, "ಇದೆಲ್ಲಾ ನೀವು ನೋಡಿದ್ದಾತಲ್ರೀ. ಇದರಾಗ ನಂದೇನೈತಿ?" ಎಂದಳು.

ಅವಳದ್ದು ಏನಿದೆ ಎಂಬುದು ಮೊಮ್ಮಗಳ ಮೊಬೈಲಿನಲ್ಲಿ ಸಿಕ್ಕಿತು. ವಿಶಾಲವಾದ ಕೆರೆಯ ನಡುವೆ ಒಂದು ಕಲ್ಲಿನ ಗಂಟೆಗೋಪುರ ಮಾತ್ರ ಎದ್ದು ನಿಂತಿರುವ ಚಿತ್ರ. ಸುತ್ತ ಹಿಮದ ಗುಡ್ಡಗಳು. "ಇದರ ಕೆಳಗ ಊರಿತ್ತೇನು?" ಎಂದು ಅವಳು ಕೇಳಿದ ಧ್ವನಿಯಿಂದಲೇ ನನ್ನ ಪಟ್ಟಿಯ ಗತಿ ಏನಾಗುವುದೆಂದು ನನಗೆ ತಿಳಿಯಿತು.

ಇಲ್ಲಿ ನಮ್ಮ ಹೊಳೆಯ ಕಥೆ ಹೇಳಬೇಕು. ಹಮ್ಮಿಗಿಯ ಬಳಿ ತುಂಗಭದ್ರೆಗೆ ಅಡ್ಡಲಾಗಿ ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜು ನಿಂತಿದೆ. ಸುಮಾರು 3 ಟಿಎಂಸಿ ನೀರು ಹಿಡಿಯುವಂತೆ ಕಟ್ಟಿದ್ದು. ಎರೆಹೊಲದಲ್ಲಿ ಮುಗಿಲು ನೋಡುತ್ತ ಕೂತಿದ್ದ ರೈತರಿಗೆ ನೀರಿನ ಬೆಲೆ ಗೊತ್ತು, ನಾನು ಯೋಜನೆಯನ್ನು ಹಳಿಯುವವನಲ್ಲ. ಆದರೆ ಹಿನ್ನೀರು ಗುಮ್ಮಗೋಳ, ಬಿದರಹಳ್ಳಿ, ವಿಠಲಾಪುರದ ಜನರನ್ನು ಎಬ್ಬಿಸಿತು. ಮಾವನವರ ಉಳ್ಳಾಗಡ್ಡಿಯ ಹೊಲ ನೀರಿನಡಿ ಹೋಯಿತು. ಅದನ್ನು ನೋಡಲು ಅವರು ಬದುಕಿರಲಿಲ್ಲ. ಮನೆ ಬಿಚ್ಚುವಾಗ ನನ್ನಾಕೆ ತವರಿಗೆ ಹೋಗಿ, ತೊಲೆ, ಬಾಗಿಲು, ಒರಳುಕಲ್ಲು ಎಂದು ಹಂಚಿಕೊಳ್ಳುತ್ತಿದ್ದ ಅಣ್ಣತಮ್ಮಂದಿರ ನಡುವೆ ತನ್ನ ಪಾಲಿಗೆಂದು ಒಂದು ತಗಡಿನ ಡಬ್ಬಿ ತಂದಳು. ಅದರೊಳಗೆ ನಾನು ಬರೆದ ಕಾರ್ಡುಗಳಿದ್ದವು, ಹನ್ನೊಂದೂ ಇದ್ದವು. ಮೇಲೆ ರೈನ್, ಮರೆಗೆ ನನ್ನ ಮಾಸ್ತರಿಕೆಯ ದುಂಡು ಅಕ್ಷರ.

ಮೊಬೈಲಿನಲ್ಲಿ ಕಂಡ ಊರಿನ ಹೆಸರು ಗ್ರೌನ್. ಇಟಲಿಯವರ ಬಾಯಲ್ಲಿ ಕುರೋನ್. ಆಸ್ಟ್ರಿಯದ ಗಡಿಗೆ ಅಂಟಿಕೊಂಡ ರೇಶನ್ ಕಣಿವೆಯಲ್ಲಿ, ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಮೊದಲನೆಯ ಮಹಾಯುದ್ಧದ ತರುವಾಯ ಇಟಲಿಗೆ ಸೇರಿದ ಆ ಸೀಮೆಯ ಜನರ ಮಾತು ಜರ್ಮನ್. ವಿದ್ಯುತ್ತಿಗಾಗಿ ಅಲ್ಲಿದ್ದ ಎರಡು ಕೆರೆಗಳನ್ನು ಸೇರಿಸಿ ದೊಡ್ಡದೊಂದು ಜಲಾಶಯ ಮಾಡುವ ಯೋಜನೆಯ ತಿಳಿವಳಿಕೆ ಪತ್ರವನ್ನು ಅಧಿಕಾರಿಗಳು ಊರಿನಲ್ಲಿ ಅಂಟಿಸಿದ್ದು ಇಟಾಲಿಯನ್ ಭಾಷೆಯಲ್ಲಿ. ಊರ ಪಾದ್ರಿ ಆಲ್ಫ್ರೆಡ್ ರೀಪರ್ ಪೋಪ್ ಹನ್ನೆರಡನೆಯ ಪಯಸ್ ಅವರ ತನಕ ಮೊರೆ ಒಯ್ದರು. ಏನೂ ಆಗಲಿಲ್ಲ. 1950ರಲ್ಲಿ ನೀರು ಏರಿತು. 163 ಮನೆಗಳು ಹೋದವು. ಹದಿನಾಲ್ಕನೆಯ ಶತಮಾನದ ಗಂಟೆಗೋಪುರವನ್ನು ಮಾತ್ರ ಕೆಡವದೆ ಬಿಟ್ಟರು. 2021ರಲ್ಲಿ ದುರಸ್ತಿಗೆಂದು ನೀರು ಇಳಿಸಿದಾಗ ಕೆಲವು ಮನೆಗಳ ಗೋಡೆ, ಮೆಟ್ಟಿಲು, ನೆಲಮಾಳಿಗೆ ಹೊರಬಿದ್ದವು. ಜನ ಬಂದು ಅದರ ಮೇಲೆ ನಡೆದಾಡಿದರು.

ಇಷ್ಟನ್ನೂ ಓದಿ ಹೇಳಿದೆ. ನೋಟೀಸಿನ ಭಾಷೆಯ ಮಾತು ಬಂದಾಗ ಅವಳು ನಕ್ಕಳು. ಕನ್ನಡದಲ್ಲೇ ಬಂದ ನೋಟೀಸನ್ನು ಅವಳ ಅಣ್ಣಂದಿರಿಗೆ ನಾಲ್ಕು ಸಲ ಓದಿ ಅರ್ಥ ಹೇಳಿದವನು ನಾನೇ. ಕಚೇರಿಯ ಕನ್ನಡವೂ ಒಂದು ಪರಭಾಷೆಯೇ.

ನಮ್ಮ ನಾಡಿನಲ್ಲಿ ಇಂಥ ಚಿತ್ರಗಳಿಲ್ಲವೆಂದಲ್ಲ. ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚು ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತದೆ, ಕಾವೇರಿಯ ಕನ್ನಂಬಾಡಿಯ ವೇಣುಗೋಪಾಲನನ್ನು ನೀರಿನಿಂದ ಎತ್ತಿ ಬೇರೆ ಕಡೆ ನಿಲ್ಲಿಸಿದ್ದಾರೆ. "ಹಾಸನಕ್ಕೆ ಬೇಕಾದರೆ ನಾಳೆಯೇ ಹೋಗೋಣ, ವೀಸಾ ಬೇಡ" ಎಂದೆ. ಅವಳ ಉತ್ತರ ಬೇರೆ ಇತ್ತು. ಅಲ್ಲಿ ಎಪ್ಪತ್ತೈದು ವರ್ಷ ಕಳೆದಿದೆ. ಆಗ ಮನೆ ಬಿಟ್ಟವರ ಮಕ್ಕಳು ಮುದುಕರಾಗಿರಬೇಕು, ಮೊಮ್ಮಕ್ಕಳು ಮೇಲಿನ ಹೊಸ ಗ್ರೌನ್‌ನಲ್ಲಿ ಸಂಸಾರ ಹೂಡಿರಬೇಕು. ಅವರು ತಮ್ಮ ಊರು ಯಾವುದೆಂದು ಹೇಳುತ್ತಾರೆ, ಕೆಳಗಿನದೋ ಮೇಲಿನದೋ? ತನ್ನ ಅಣ್ಣನ ಮೊಮ್ಮಕ್ಕಳು ಮುಂದೆ ಏನು ಹೇಳಿಯಾರು? ಇದು ಅವಳ ಪ್ರಶ್ನೆ. ಇದಕ್ಕೆ ನನ್ನ ಭೂಗೋಳದಲ್ಲಿ ಉತ್ತರವಿರಲಿಲ್ಲ.

ಆಮೇಲೆ ಅವಳು ಹಣದ ಮಾತು ತೆಗೆದಳು. ಮುಳುಗಡೆಯ ಪರಿಹಾರದಲ್ಲಿ ಅಣ್ಣಂದಿರು ತಂಗಿಗೂ ಒಂದು ಪಾಲು ಕೊಟ್ಟಿದ್ದರು. ಅದು ಬ್ಯಾಂಕಿನಲ್ಲಿ ಠೇವಣಿಯಾಗಿ ವರ್ಷಗಳಿಂದ ಬಿದ್ದಿದೆ. ಮಗಳ ಮದುವೆಗೂ ಮನೆಯ ಛತ್ತಿಗೂ ಅವಳು ಅದನ್ನು ಮುಟ್ಟಗೊಟ್ಟಿರಲಿಲ್ಲ. "ಆ ಹೊಲದ ರೊಕ್ಕದಾಗ ಒಮ್ಮೆ ನೀವು ಹೋಗಿ ಬಂದ್ರಿ. ಈ ಸಲ ಉಳಿದದ್ದರಾಗ ಇಬ್ಬರೂ ಹೋಗೂಣು" ಎಂದಳು. ನಿವೃತ್ತಿಯ ಹಣದಲ್ಲಿ ಹೋಗೋಣವೆಂದು ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. ಮಗನಿಗೆ ಇದು ಸರಿಬಂದಿಲ್ಲ. ಆ ಹಣ ಆಪತ್ಕಾಲಕ್ಕೆಂದು ಅವನ ವಾದ, ಅದರಲ್ಲಿ ನ್ಯಾಯವೂ ಇದೆ. ತಾಯಿ ಮಗನ ನಡುವೆ ಎರಡು ವಾರ ಮಾತು ಬಿಗಿಯಾಗಿತ್ತು. ಈಗ ಅವನೇ ಬೆಂಗಳೂರಿನಿಂದ ಮ್ಯೂನಿಕ್‌ಗೆ ವಿಮಾನದ ದರ ನೋಡುತ್ತಿದ್ದಾನೆ.

ಹೊಸ ಪಟ್ಟಿ ಚಿಕ್ಕದು. ಮ್ಯೂನಿಕ್‌ನಲ್ಲಿ ಇಳಿದು ಇನ್ಸ್‌ಬ್ರುಕ್, ಅಲ್ಲಿಂದ ಲಾಂಡೆಕ್‌ವರೆಗೆ ರೈಲು, ಆಮೇಲೆ ಬಸ್ಸಿನಲ್ಲಿ ಗಡಿ ದಾಟಿ ರೇಶನ್. 1984ರ ಆ ರಾತ್ರಿ ಬ್ರೆನ್ನರ್‌ನಲ್ಲಿ ನಾನು ಕುಳಿತಿದ್ದ ಗಾಡಿಯಿಂದ ಈ ಗೋಪುರ ಕೆಲವೇ ಗುಡ್ಡಗಳ ಆಚೆ ಇತ್ತು. ಗ್ರೌನ್‌ನಲ್ಲಿ ನಾಲ್ಕು ದಿನ ತಂಗುವುದು, ಕೆರೆಯ ಸುತ್ತ ಕಾಲುದಾರಿಯಲ್ಲಿ ಮೊಣಕಾಲು ಒಪ್ಪಿದಷ್ಟು ನಡೆಯುವುದು. ಅಲ್ಲಿ ಹುಟ್ಟುವ ಆದಿಜೆ ನದಿ 410 ಕಿಲೋಮೀಟರ್ ಹರಿದು ಸಮುದ್ರ ಸೇರುತ್ತದೆ. ಅದರ ಜಾಡು ಹಿಡಿದು ವೆರೋನಾ ತನಕ ಇಳಿಯುವುದು. ಕೊನೆಗೆ ಸಮಯ ಉಳಿದರೆ ರೈನ್. ಇದು ನನಗೆ ಅವಳು ಕೊಟ್ಟ ರಿಯಾಯಿತಿ.

ಚೀಲಗಳು ಬಂದಿವೆ. ಅಂದಿನ ಹಸಿರು ಕ್ಯಾನ್ವಾಸಿನ ಚೀಲ ಖಾಲಿಯಿದ್ದಾಗಲೇ ಭಾರ. ಇವು ಹಗುರ. ದಿನಾ ಮುಂಜಾನೆ ಇಬ್ಬರೂ ಎರಡೆರಡು ಸೇರು ಜೋಳ ತುಂಬಿಕೊಂಡು ಹೊಳೆಯ ಕಡೆಗೆ ನಡೆಯುತ್ತೇವೆ. ದನ ಹೊಡೆದುಕೊಂಡು ಹೋಗುವವರು ನಿಂತು ನೋಡುತ್ತಾರೆ. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ ಜೊತೆಗೆ ಬರಲಿವೆ. ಹಾಲಿನ ಪದಾರ್ಥ ಒಯ್ಯುವಂತಿಲ್ಲವಾದ್ದರಿಂದ ತುಪ್ಪದ ಡಬ್ಬಿ ಪಟ್ಟಿಯಿಂದ ಹೊರಗೆ ಹೋಯಿತು, ಅದಕ್ಕೆ ಯುರೋಪು ಅವಳ ಕಣ್ಣಲ್ಲಿ ಸ್ವಲ್ಪ ಸಣ್ಣದಾಯಿತು. ಆ ಹನ್ನೊಂದು ಕಾರ್ಡುಗಳೂ ಬರುತ್ತವೆಯಂತೆ. ಏಕೆಂದು ನಾನು ಕೇಳಿಲ್ಲ.

ಉಳಿದಿದ್ದುದು ತಿಂಗಳ ಆಯ್ಕೆಯೊಂದೇ. ವಸಂತದಲ್ಲಿ ಆ ಕೆರೆಯ ನೀರು ತಗ್ಗುತ್ತದೆ, ಗೋಪುರದ ಹತ್ತಿರಕ್ಕೆ ಹೋಗಬಹುದು. ಬೇಸಿಗೆ ಕಳೆದು ಸೆಪ್ಟೆಂಬರಿಗೆ ಹೋದರೆ ತುಂಬಿದ ಕೆರೆ, ದಂಡೆಯಲ್ಲಿ ನಿಂತು ನೋಡಬೇಕಷ್ಟೆ. ನೀರು ಇಳಿದಾಗ ಹೋಗುವುದೇ ಲೇಸೆಂದು ನಾನು ವಿವರಿಸಿದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಸೆಪ್ಟೆಂಬರಿಗೇ ತಗೀರಿ ಟಿಕೀಟು. ಇಳಿದದ್ದು ನಾ ಇಲ್ಲೇ ನೋಡೇನಿ" ಎಂದಳು.

ಸೆಪ್ಟೆಂಬರಿಗೇ ತೆಗೆಯಲು ಮಗನಿಗೆ ಹೇಳಿದ್ದೇನೆ.