ಹೊಗೆಯಿಲ್ಲದ ಬೆಂಕಿ

ಸಂಸ್ಕೃತ ಕಾಲೇಜಿನ ಆ ವಿದ್ಯಾರ್ಥಿಗೆ 17ನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ವು ಪಾಠವಾಗಿತ್ತು. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನಗಳೆಂಬ ಪಂಚಾವಯವಗಳು ಕಂಠಸ್ಥವಾಗಿದ್ದವು. ಒಂದು ದಿನ ಪ್ರಸಾದನಿಲಯದಲ್ಲಿ ರೊಟ್ಟಿಗಳು ಕಾಣೆಯಾದವು. ಕಳ್ಳನು ಕದ್ದುದನ್ನು ಮುಚ್ಚಿಡುವನು. ಸಹಪಾಠಿಯೊಬ್ಬನು ರೊಟ್ಟಿ ಮುಚ್ಚಿಟ್ಟಿರುವನು. ಆದುದರಿಂದ ಅವನೇ ಕಳ್ಳನೆಂದು ಈತನು ಎಲ್ಲರೆದುರು ಸಾಧಿಸಿದನು.

ಗುರುಗಳು ಕೇಳಿದರು: “ಹೊಗೆಯಿದ್ದಲ್ಲಿ ಬೆಂಕಿಯುಂಟು, ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೇನಪ್ಪಾ? ಕಾದ ಕಬ್ಬಿಣದ ಗುಂಡನ್ನು ಕಂಡಿಲ್ಲವೇ?”

ಈತನು ನಿರುತ್ತರನಾದನು. ಸಹಪಾಠಿಯು ತನ್ನ ಪಾಲಿನ ರೊಟ್ಟಿಯನ್ನೇ ಉಣ್ಣದೆ, ಸಂಜೆ ಬರಲಿದ್ದ ತಮ್ಮನಿಗಾಗಿ ಇರಿಸಿದ್ದನು. ಹೇತ್ವಾಭಾಸದ ಲಕ್ಷಣವನ್ನು ಬಾಯಿಪಾಠ ಒಪ್ಪಿಸುತ್ತಿದ್ದವನು, ಅದು ತನ್ನ ಮಾತಿನಲ್ಲೇ ಅಡಗಿದ್ದುದನ್ನು ಅಂದು ಅರಿತನು. ಎಲ್ಲರೆದುರು ಹೊರಿಸಿದ ಅಪವಾದಕ್ಕೆ ಎಲ್ಲರೆದುರೇ ಕ್ಷಮೆ ಬೇಡಿದನು.

ಪರರನ್ನು ದೋಷಿಯೆನ್ನುವ ಮುನ್ನ ತನ್ನ ಹೇತುವನ್ನು ಶೋಧಿಸಿಕೊಳ್ಳುವುದೇ ತರ್ಕಾಭ್ಯಾಸದ ಪ್ರಥಮ ಫಲ.